ನೆರೆ ಇಳಿದ ಎರೆ ಹೊಲಕ್ಕೆ ಟ್ರ್ಯಾಕ್ಟರ್ ಯಾವಾಗ ಇಳಿಸಬೇಕು?

ಮಲಪ್ರಭೆ, ಬೆಣ್ಣಿಹಳ್ಳ ಉಕ್ಕಿದಾಗ ನರಗುಂದ, ರೋಣ ಭಾಗದಲ್ಲಿ ಹೆಸರು, ಗೋವಿನಜೋಳ, ಉಳ್ಳಾಗಡ್ಡಿ ಹೋಗುವುದು ಒಂದು ಹಂಗಾಮಿನ ನಷ್ಟ. ಎರೆಯ, ಅಂದರೆ ಕಪ್ಪು ಜಿಗುಟು ಮಣ್ಣಿನ, ಹಸಿ ಹೊಲಕ್ಕೆ ಗಾಲಿ ಇಳಿಸಿದರೆ ಮುಂದಿನ ಹಿಂಗಾರಿಗಳೂ ಸೊರಗುತ್ತವೆ, ದಲಾಲರ ಸಾಲ ತೀರುವುದಿಲ್ಲ.

1. ಬೆಳೆ ವಿಮೆ ಇದ್ದರೆ 72 ಗಂಟೆಯೊಳಗೆ ಸಹಾಯವಾಣಿ 14447ಕ್ಕೆ ತಿಳಿಸಿ. ಹೂಳು 3 ಇಂಚು ದಾಟಿದ್ದರೆ ಅದನ್ನು ತೆಗೆಯಲು ಸರ್ಕಾರದ ಬೇರೆ ಪರಿಹಾರವಿದೆ. ಹೂಳಿನಲ್ಲಿ ಅಳತೆಪಟ್ಟಿ ನಿಲ್ಲಿಸಿ ಫೋಟೊ ತೆಗೆಯಿರಿ. ಅಧಿಕಾರಿಗಳು ಬಂದು ನೋಡಿ ಬರೆದುಕೊಳ್ಳುವ ಪಂಚನಾಮೆಗೆ ಮೊದಲು ಕೆರೆದು ಹಾಕಿದರೆ ತೋರಿಸಲು ಏನೂ ಉಳಿಯುವುದಿಲ್ಲ.

2. ಒಡ್ಡಿನ ತಗ್ಗಿನಲ್ಲಿ ಕಿಂಡಿ ಬಿಟ್ಟು ನಿಂತ ನೀರು ಹೊರಗೆ ಹಾಯಿಸಿ.

3. ಇನ್ನು ಕಾಯಿರಿ. ಎಲ್ಲರೂ ಎಡವುವುದು ಇಲ್ಲೇ. ಎರೆ ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಅರ್ಧ ಗೇಣು ಕೆಳಗೆ ಇನ್ನೂ ಅಂಟಾಗಿರುತ್ತದೆ. ಗಾಲಿಯ ಭಾರಕ್ಕೆ ಆ ಅಂಟು ಮಣ್ಣು ಒತ್ತಿ ಗಚ್ಚಾಗುತ್ತದೆ. ಕಡಲೆ ಬೇರು ಅಲ್ಲಿಗೆ ತಲುಪಿ ಅಡ್ಡಡ್ಡ ತಿರುಗುತ್ತದೆ, ಕೆಳಗಿನ ತೇವ ಅದಕ್ಕೆ ಸಿಗುವುದಿಲ್ಲ. ಪರೀಕ್ಷೆ ಸುಲಭ: ಆ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. 3 ಮಿಲಿಮೀಟರಿನ ಎಳೆಯಾಗಿ ಶಾವಿಗೆಯಂತೆ ಬಂದರೆ ಹದ ಬಂದಿಲ್ಲ. ಎಳೆ ಆಗುವ ಮೊದಲೇ ಮುರಿದು ಉದುರಿದರೆ ಇಳಿಯಬಹುದು. ಹೊಲದ ಐದಾರು ಕಡೆ ನೋಡಿ, ತಗ್ಗಿನ ಮೂಲೆಯನ್ನಂತೂ ಬಿಡಬೇಡಿ. ಪಕ್ಕದವರ ಹೊಲಕ್ಕೆ ಬಂದ ಟ್ರ್ಯಾಕ್ಟರ್ ಮತ್ತೆ ಸಿಗಲಿಕ್ಕಿಲ್ಲ ಎಂಬ ಅವಸರಕ್ಕೆ ಸೋಲಬೇಡಿ.

ರೋಟಾವೇಟರ್ ಬೇಡವೇ ಬೇಡ. ಮೇಲಿನ ನಾಲ್ಕೈದು ಇಂಚು ಹಿಟ್ಟು ಮಾಡಿ, ಕೆಳಗಿನ ಗಚ್ಚನ್ನು ಇನ್ನಷ್ಟು ನುಣುಪು ಮಾಡುತ್ತದೆ. ಎತ್ತು ಇದ್ದವರು ಕುಂಟಿ ಹೊಡೆದರೆ ಸಾಕು. ‘ಭೂಮಿ ಹಗುರ ಮಾಡುವ’ ಹರಳಿನ ಪಾಕೀಟುಗಳಿಗೂ ದುಡ್ಡು ಸುರಿಯಬೇಡಿ, ಒತ್ತಿದ ಮಣ್ಣನ್ನು ಅವು ಬಿಡಿಸುವುದಿಲ್ಲ.

4. ತೆಳು ರೇವೆ, ಅಂದರೆ ನುಣ್ಣನೆಯ ಹೂಳು, ಮಣ್ಣಿನಲ್ಲೇ ಬೆರೆಯಲಿ. ಮರಳು ದಪ್ಪಗೆ ಕೂತಿದ್ದರೆ ಎತ್ತಿ ಹಾಕಿಸಿ.

5. ಮನೆಯಲ್ಲಿ ನೆನೆದ ಕಡಲೆಯನ್ನು ಬೀಜಕ್ಕೆ ನಂಬಬೇಡಿ. 100 ಕಾಳು ಹಸಿ ಗೋಣಿಯಲ್ಲಿ ಸುತ್ತಿಡಿ, 85ಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ತನ್ನಿ. ಎಕರೆಗೆ 20 ಕಿಲೊ ಬೀಜ. ನೀರು ನಿಂತ ನೆಲದಲ್ಲಿ ಸೊರಗು ರೋಗದ ಭಯ ಹೆಚ್ಚು, ಕಿಲೊ ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮ (ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಲೇಪಿಸಿ. ಜೋಳ ಬಿತ್ತುವವರು ಸಾರಜನಕ ಕೊಡಲೇಬೇಕು, ನಿಂತ ನೀರಿನಲ್ಲಿ ಅದು ಹಾರಿಹೋಗಿರುತ್ತದೆ.

ನವೆಂಬರ್ ಮಧ್ಯ ದಾಟಿದರೂ ಹದ ಬರದಿದ್ದರೆ ಬಿತ್ತನೆ ಬಿಟ್ಟುಬಿಡಿ. ಬೇಸಿಗೆಯಲ್ಲಿ ಎರೆ ತಾನೇ ಬಾಯಿಬಿಟ್ಟು, ಒತ್ತಿದ ಪದರವನ್ನು ಸ್ವಲ್ಪ ಸ್ವಲ್ಪವಾಗಿ ಸೀಳುತ್ತದೆ.