ಕರಾವಳಿಯಲ್ಲಿ ಕೂತು ಸ್ಪೋರ್ಟ್ಸ್ ಕಾರು ಮಾರುವುದು ಹೇಗೆ

ಬಾಕ್ಸ್‌ಸ್ಟರ್, ಜೆಡ್4, ಆಡಿ ಟಿಟಿ, ಮಸ್ಟಾಂಗ್, ಯಾವುದೇ ಇರಲಿ. ಡೀಲರ್ ಕೈಗೆ ಕೊಡದೆ ನೀವೇ ಮಾರಬೇಕು ಅಂತಿದ್ದರೆ ಒಂದು ವಿಷಯ ಮೊದಲೇ ತಿಳಿದಿರಲಿ. ನಿಮ್ಮ ಗಿರಾಕಿ ಕಾರವಾರದಲ್ಲೂ ಇಲ್ಲ, ಶಿರಸಿಯಲ್ಲೂ ಇಲ್ಲ. ಇದ್ದರೆ ಗೋವಾದಲ್ಲಿ, ಹುಬ್ಬಳ್ಳಿಯಲ್ಲಿ, ಇಲ್ಲಾ ಬೆಂಗಳೂರಿನಲ್ಲಿ. ಊರಿನವರು ಬರುತ್ತಾರೆ, ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಮೈಲೇಜ್ ಎಷ್ಟು ಅಂತ ಕೇಳಿ ಹೋಗುತ್ತಾರೆ. ದುಡ್ಡು ಕೊಡುವವನು ಬೆಂಗಳೂರಿನವನಾದರೆ ಸುಮಾರು 500 ಕಿ.ಮೀ. ಬರಬೇಕು. ಅಷ್ಟು ದೂರ ಹೊರಡಬೇಕೆಂದರೆ ಮನೆಯಲ್ಲಿ ಕೂತಾಗಲೇ ಅವನ ಸಂಶಯ ಮುಕ್ಕಾಲು ಪಾಲು ತೀರಿರಬೇಕು.

ಯಾವ ಸಂಶಯ ಅಂತ ಗೊತ್ತಲ್ವಾ? ಉಪ್ಪು ಗಾಳಿ. ಕಾರವಾರದ ಕೆಎ-30 ಅಥವಾ ಹೊನ್ನಾವರದ ಕೆಎ-47 ನಂಬರ್ ಕಂಡ ಕೂಡಲೇ ತಿಳಿದವನು ಕೇಳುವುದು ಅಡಿಭಾಗದ ತುಕ್ಕಿನ ಬಗ್ಗೆ. ಅವನು ಕೇಳುವ ಮೊದಲೇ ತೋರಿಸಿಬಿಡಿ. ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿ, ಟಾರ್ಚ್ ಹಿಡಿದು, ಸಸ್ಪೆನ್ಷನ್ ಆರ್ಮು, ಬೋಲ್ಟು, ಬ್ರೇಕ್ ಪೈಪು, ಸೈಲೆನ್ಸರ್ ಕ್ಲ್ಯಾಂಪು ಎಲ್ಲ ಕಾಣುವ ಹಾಗೆ ನಿಧಾನಕ್ಕೆ ಒಂದು ವಿಡಿಯೋ ಮಾಡಿ. ರಾತ್ರಿ ನಿಂತ ಕಾರಿನ ಬ್ರೇಕ್ ಡಿಸ್ಕ್ ಮೇಲೆ ಬೆಳಿಗ್ಗೆ ಕೆಂಪು ಪದರ ಬರುವುದು ಇಲ್ಲಿ ಮಾಮೂಲು, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಡಿಸ್ಕಿನಲ್ಲಿ ಗುಳಿ ಬಿದ್ದಿದ್ದರೆ ಅದು ಬೇರೆ ಕತೆ, ಬದಲಾಯಿಸಿ ಅಥವಾ ಬೆಲೆಯಲ್ಲಿ ಬಿಡಿ. ಮಾರುವ ವಾರ ಕಾರಿನ ಅಡಿಭಾಗಕ್ಕೆ ಹೊಸ ಕಪ್ಪು ಕೋಟಿಂಗ್ ಹೊಡೆಸಬೇಡಿ ಮಾತ್ರ. ಏನೋ ಮುಚ್ಚಿದ್ದಾರೆ ಅಂತಲೇ ಅವನು ಅಂದುಕೊಳ್ಳುತ್ತಾನೆ, ನಾನಾದರೂ ಹಾಗೇ ಅಂದುಕೊಳ್ಳುತ್ತೇನೆ.

ಘಟ್ಟದ ಮೇಲೆ, ಶಿರಸಿ ಸಿದ್ದಾಪುರದ ಕಡೆ, ಉಪ್ಪಿನ ಕಾಟ ಇಲ್ಲ. ಅಲ್ಲಿ ಬೂಷ್ಟು. ಮಳೆಗಾಲದಲ್ಲಿ ನಿಂತೇ ಇದ್ದ ಕಾರಿನ ಲೆದರ್ ಸೀಟು, ಸೀಟ್ ಬೆಲ್ಟು, ಬಟ್ಟೆಯ ಟಾಪು ಎಲ್ಲಕ್ಕೂ ಬಿಳಿ ಹಿಡಿದಿರುತ್ತದೆ. ಓಪನ್ ಟಾಪ್ ಕಾರಾದರೆ ನೀರು ಹರಿದುಹೋಗುವ ತೂತುಗಳಲ್ಲಿ ಎಲೆ ಕಸ ಕಟ್ಟಿದೆಯಾ ನೋಡಿ. ಹಳೇ ಬಾಕ್ಸ್‌ಸ್ಟರ್‌ಗಳಲ್ಲಿ ಈ ತೂತು ಕಟ್ಟಿದರೆ ನೀರು ಒಳಗಿಳಿದು ಸೀಟಿನ ಕೆಳಗಿರುವ ಎಲೆಕ್ಟ್ರಾನಿಕ್ ಬಾಕ್ಸ್ ಹಾಳಾಗುತ್ತದೆ. ಕಾರ್ಪೆಟ್ ಎತ್ತಿ ಕೈ ಇಟ್ಟು ನೋಡಿ, ಹಸಿ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಇಲಿ ವೈರ್ ಕಡಿದಿದೆಯಾ ಅಂತಲೂ ಬಾನೆಟ್ ತೆಗೆದು ಒಮ್ಮೆ ನೋಡಿಬಿಡಿ.

ಎರಡನೇ ಕೆಲಸ, ಕಂಪನಿಯ ಸರ್ವಿಸ್ ಸೆಂಟರಿನಿಂದ ತಪಾಸಣೆ ವರದಿ. ಬಿಎಂಡಬ್ಲ್ಯು, ಮರ್ಸಿಡಿಸ್ ಆದರೆ ಗೋವಾ ಅಥವಾ ಮಂಗಳೂರು. ಪೋರ್ಶೆಯಾದರೆ ಬೆಂಗಳೂರಿಗೇ ಹೋಗಬೇಕು. ಖರ್ಚು ನಿಮ್ಮದೇ, ಆದರೆ ಚೌಕಾಶಿಯಲ್ಲಿ ವಾಪಸ್ ಬರುತ್ತದೆ. ಪೋರ್ಶೆ 911 ತರಹದ ಕಾರಿನಲ್ಲಿ ಎಂಜಿನ್ ಕಂಪ್ಯೂಟರ್‌ನಿಂದ ಓವರ್ ರೆವ್ ವರದಿ (ಎಂಜಿನ್ ಮಿತಿ ಮೀರಿ ತಿರುಗಿದ್ದರ ಲೆಕ್ಕ) ತೆಗೆಯಬಹುದು, ಯಾರಾದರೂ ತಪ್ಪು ಗೇರ್ ಹಾಕಿ ಎಂಜಿನ್ನಿಗೆ ಹಿಂಸೆ ಕೊಟ್ಟಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಟೈರಿನ ಪಕ್ಕದ ನಾಲ್ಕು ಅಂಕಿಯನ್ನೂ ಓದಿಕೊಳ್ಳಿ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಇಂಥ ಕಾರು ಓಡುವುದೇ ಕಡಿಮೆ, ಹಾಗಾಗಿ ಹಲ್ಲು ಹೊಸದರಂತೆ ಇದ್ದರೂ ರಬ್ಬರ್ ಹಳೇದಾಗಿರುತ್ತದೆ, ಗಿರಾಕಿ ಒಂದು ಸೆಟ್ ಟೈರಿನ ದುಡ್ಡು ಕಳೆದೇ ಮಾತಾಡುತ್ತಾನೆ.

ಬೆಲೆಯ ವಿಷಯ. ಆನ್‌ಲೈನಿನಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ, ಮಾರಿಹೋದ ಬೆಲೆ ಅಲ್ಲ. ಎಕ್ಸಾಸ್ಟು, ಚಕ್ರ ಅಂತ ನೀವು ಸುರಿದ ಹಣ ವಾಪಸ್ ಬರುವುದಿಲ್ಲ. ಕಂಪನಿಯ ಮೂಲ ಸೈಲೆನ್ಸರ್ ಇಟ್ಟಿದ್ದರೆ ಅದೇ ದೊಡ್ಡದು, ಎರಡೂ ಕೀ ಇದ್ದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಮಾರಲು ಇಳಿಯಬೇಡಿ. ಅಕ್ಟೋಬರ್, ನವೆಂಬರ್ ಸರಿ, ರಸ್ತೆ ಒಣಗಿರುತ್ತದೆ, ವರ್ಷ ಬದಲಾಗಿ ಕಾರು ಲೆಕ್ಕದಲ್ಲಿ ಇನ್ನೊಂದು ವರ್ಷ ಹಳೇದೂ ಆಗಿರುವುದಿಲ್ಲ.

ಫೋಟೋಗೆ ಕಾರವಾರದ ಟಾಗೋರ್ ಬೀಚ್ ಎದುರಿನ ರಸ್ತೆ ಚೆನ್ನ, ಬೆಳಿಗ್ಗೆ ಬೇಗ ಹೋಗಿ. ಮರಳಿಗೆ ಮಾತ್ರ ಇಳಿಸಬೇಡಿ ಮಾರಾಯ್ರೇ, ಅಷ್ಟು ಹೊತ್ತು ಉಪ್ಪಿನ ಬಗ್ಗೆ ಸಮಾಧಾನ ಹೇಳಿ ಕೊನೆಗೆ ಅಲೆಯ ಪಕ್ಕ ನಿಂತ ಕಾರಿನ ಫೋಟೋ ಕಳಿಸಿದರೆ ಏನು ಪ್ರಯೋಜನ? ಅರಗದ ನೌಕಾನೆಲೆಯ ಆಸುಪಾಸು ಕ್ಯಾಮೆರಾ ತೆಗೆಯಲೇಬೇಡಿ.

ನೌಕಾನೆಲೆ ಅಂದಾಗ ನೆನಪಾಯಿತು. "ನಾನು ಸೇನೆಯಲ್ಲಿದ್ದೇನೆ, ಕಾರು ನೋಡುವುದು ಬೇಡ, ಅಡ್ವಾನ್ಸ್ ಈಗಲೇ ಹಾಕುತ್ತೇನೆ" ಅಂತ ಐಡಿ ಕಾರ್ಡ್ ಫೋಟೋ ಕಳಿಸಿ, ಹಿಂದೆಯೇ ಒಂದು ಕ್ಯೂಆರ್ ಕೋಡ್ ಕಳಿಸುವ ಮೋಸ ದೇಶದ ತುಂಬ ಇದೆ. ಕಾರವಾರದಲ್ಲಿ ನಿಜವಾದ ನೌಕಾಪಡೆಯವರೇ ಇರುವುದರಿಂದ ನಂಬಿಬಿಡುವುದು ಸುಲಭ. ಆ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮ್ಮ ಹಣವೇ ಹೋಗುತ್ತದೆ. ಹಣ ಬರಬೇಕಾದವರು ಪಿನ್ ಒತ್ತುವ ಪ್ರಶ್ನೆಯೇ ಇಲ್ಲ, ಅಷ್ಟು ನೆನಪಿದ್ದರೆ ಸಾಕು. ಕಾರು ನೋಡದೆ ದುಡ್ಡು ಹಾಕುವವನ ಹತ್ತಿರ ಮಾತು ಬೆಳೆಸಬೇಡಿ.

ಟೆಸ್ಟ್ ಡ್ರೈವಿಗೆ ಬಂದವನ ಲೈಸೆನ್ಸ್ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲು ನೀವು ಓಡಿಸಿ, ಅವನು ಪಕ್ಕದಲ್ಲಿ ಕೂರಲಿ. ಆಮೇಲೆ ಜಾಗ ಬದಲು, ನೀವು ಇಳಿಯುವುದಾದರೆ ಕೀ ನಿಮ್ಮ ಜೇಬಿನಲ್ಲೇ ಇರಲಿ. ಅಂಕೋಲಾ ಕಡೆಗೆ ಹೆದ್ದಾರಿ 66 ಸಾಕು. ದೇವಿಮನೆ ಘಟ್ಟದ ತಿರುವಿನಲ್ಲಿ ಕಾರಿನ ಕೈಚಳಕ ತೋರಿಸುತ್ತೇನೆ ಅನ್ನುವವನಿಗೆ ಸುಮ್ನೆ ಇಲ್ಲ ಅನ್ನಿ. ನೆಲಕ್ಕೆ ತಾಗುವಷ್ಟು ತಗ್ಗಿನ ಕಾರು ಅದು.

ಹಣ ಬ್ಯಾಂಕ್ ಮೂಲಕವೇ ಬರಲಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ತೆಗೆದುಕೊಂಡವರ ಮೇಲೆ, ಅಂದರೆ ನಿಮ್ಮ ಮೇಲೆ ಬೀಳಬಹುದು. ಆರ್‌ಟಿಜಿಎಸ್ ಮಾಡಿಸಿ, ಅವನು ತೋರಿಸುವ ಸ್ಕ್ರೀನ್‌ಶಾಟ್ ನಂಬದೆ ನಿಮ್ಮ ಖಾತೆಯಲ್ಲೇ ನೋಡಿ, ಆಮೇಲೆ ಕೀ ಕೊಡಿ. ಬ್ಯಾಂಕ್ ತೆರೆದಿರುವ ದಿನವೇ ಇಟ್ಟುಕೊಂಡರೆ ತೊಡಕು ಬಂದರೂ ಕೇಳಲು ಜನ ಇರುತ್ತಾರೆ.

ಈಗ ಆರ್‌ಟಿಒ. ಎಲ್ಲರೂ ಎಡವುವುದು ಇಲ್ಲೇ. ಮಾಲೀಕರ ಹೆಸರು ಬದಲಾಯಿಸುವ ಫಾರ್ಮ್ 29, 30ಕ್ಕೆ ಖಾಲಿ ಸಹಿ ಹಾಕಿ ಏಜೆಂಟನ ಕೈಗೆ ಕೊಟ್ಟು ಮರೆತುಬಿಡುವ ರೂಢಿ ಇದೆ. ಬೇಡ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 300 ಎಚ್‌ಪಿ ಕಾರು ಇನ್ಯಾರದೋ ಕೈಯಲ್ಲಿ, ಹೆಸರು ನಿಮ್ಮದು. ಯೋಚನೆ ಮಾಡಿ. ಗಿರಾಕಿಯ ಹೆಸರು, ವಿಳಾಸ ತುಂಬಿದ ಮೇಲೇ ಸಹಿ ಹಾಕಿ. ಮಾರಾಟ ಪತ್ರದಲ್ಲಿ ಕಾರು ಕೊಟ್ಟ ತಾರೀಖಿನ ಜೊತೆ ಗಂಟೆಯನ್ನೂ ಬರೆಯಿರಿ, ಸಾಕ್ಷಿ ಹಾಕಿಸಿ. ರಾಜ್ಯದೊಳಗೇ ಮಾರಿದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಸರ್ಕಾರದ ಆನ್‌ಲೈನ್ ವಾಹನ್ ದಾಖಲೆಯಲ್ಲಿರುವ ಮೊಬೈಲ್ ನಂಬರ್ ನಿಮ್ಮದೇ ಹೌದಾ ಅಂತ ಮೊದಲೇ ನೋಡಿ, ಬಾಕಿ ದಂಡಗಳನ್ನೂ ಕಟ್ಟಿಬಿಡಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಫಾರ್ಮ್ 35 ಹಾಕಿ ಹೈಪೊಥಿಕೇಷನ್, ಅಂದರೆ ಆರ್‌ಸಿಯಲ್ಲಿರುವ ಸಾಲದ ನಮೂದು ತೆಗೆಸುವುದು ಜಾಹೀರಾತಿಗಿಂತ ಮೊದಲಿನ ಕೆಲಸ.

ಗೋವಾದವನು ಕೊಂಡರೆ ಇಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಅದಕ್ಕೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯಬೇಕು. ಅವನು ಅಲ್ಲಿ ತೆರಿಗೆ ಕಟ್ಟುತ್ತಾನೆ, ಇಲ್ಲಿ ಕಟ್ಟಿದ ಲೈಫ್ ಟ್ಯಾಕ್ಸಿನಲ್ಲಿ ಉಳಿದ ಪಾಲಿಗೆ ರೀಫಂಡ್ ಕೇಳಬಹುದು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಈ ತೆರಿಗೆ 18 ಪರ್ಸೆಂಟ್, ಮೇಲೆ ಸೆಸ್ ಬೇರೆ. ಸಣ್ಣ ದುಡ್ಡಲ್ಲ. ರೀಫಂಡ್ ಯಾರಿಗೆ ಅನ್ನುವುದನ್ನು ಬೆಲೆ ಮಾತಾಡುವಾಗಲೇ ಕಾಗದದ ಮೇಲೆ ಹಾಕಿಕೊಳ್ಳಿ.

ಹೆಸರು ಬದಲಾದದ್ದನ್ನು ಆನ್‌ಲೈನಿನಲ್ಲಿ ಕಣ್ಣಾರೆ ನೋಡಿದ ಮೇಲೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕಾರಿನದಲ್ಲ, ನಿಮ್ಮದು. 50 ಪರ್ಸೆಂಟ್‌ವರೆಗೂ ಇರಬಹುದು. ಪತ್ರ ಬರೆಸಿಕೊಂಡರೆ ಮುಂದಿನ ಕಾರಿಗೆ 3 ವರ್ಷದೊಳಗೆ ಬಳಸಬಹುದು. ಫಾಸ್ಟ್ಯಾಗನ್ನು ಕಾರು ಹೋಗುವ ದಿನವೇ ಮುಚ್ಚಿಸಿ, ಇಲ್ಲದಿದ್ದರೆ ಅವನು ಬೆಂಗಳೂರು ಮುಟ್ಟುವವರೆಗೂ ಟೋಲು ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ. ಕಾರಿನ ಸ್ಕ್ರೀನಿನಿಂದ ನಿಮ್ಮ ಫೋನ್ ನಂಬರುಗಳು, ಮನೆ ವಿಳಾಸ ಅಳಿಸಿ. ಮೊಬೈಲಿನ ಕಂಪನಿ ಆಪ್‌ನಿಂದಲೂ ಕಾರನ್ನು ತೆಗೆದುಹಾಕಿ. ಹೊಸ ಮಾಲೀಕ ತನ್ನ ಆಪ್‌ಗೆ ಸೇರಿಸಲು ಆಗುತ್ತಿಲ್ಲ ಅಂತ ಫೋನ್ ಮಾಡುವುದು ಹೆಚ್ಚಾಗಿ ಇದಕ್ಕೇ.