ಪ್ರವಾಸಿಗರ ಹಣ ಊರಲ್ಲಿ ಎಷ್ಟು ಉಳಿಯಿತು? ಖಾನಾಪುರ ಕಾಡಂಚಿನ ಲೆಕ್ಕ

ಖಾನಾಪುರ ತಾಲ್ಲೂಕಿನ ಕಾಡಂಚಿನ ಊರೊಂದರಲ್ಲಿ ಪರಿಸರ ಪ್ರವಾಸೋದ್ಯಮದಿಂದ ಕಾಡಿಗೂ ಜನರಿಗೂ ಏನು ಲಾಭವಾಯಿತೆಂದು ಅಳೆಯುವ ಕೆಲಸ ನನಗೆ ಬಂದಾಗ, ಬಂದುಹೋದವರ ಸಂಖ್ಯೆಯನ್ನು ನಾನು ಬದಿಗಿಟ್ಟೆ. ಆ ಸಂಖ್ಯೆ ವರದಿಯಲ್ಲಿ ಚೆಂದ ಕಾಣುತ್ತದೆಯೇ ಹೊರತು, ಹಣ ಯಾರ ಕೈ ಸೇರಿತೆಂದು ಹೇಳುವುದಿಲ್ಲ.

ವಸತಿಗೃಹದ ಖರ್ಚಿನ ಚೀಟಿಗಳನ್ನೇ ಹಿಡಿದು ಕುಳಿತೆ. ಅಕ್ಕಿ, ಕೋಳಿ, ಮೊಟ್ಟೆ, ನೀರಿನ ಬಾಟಲಿ ಎಲ್ಲವೂ ಪೇಟೆಯಿಂದ ಬರುತ್ತಿದ್ದವು, ಅಡುಗೆಯವನೂ ಹೊರಗಿನವನೇ. ಊರಿನ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಪಾತ್ರೆ ತೊಳೆಯುವ ಕೂಲಿ, ಅದೂ ಶನಿವಾರ, ಭಾನುವಾರ ಮಾತ್ರ. ಮನೆಮನೆಯಲ್ಲೂ ಕೋಳಿ ಸಾಕುವ ಊರಿಗೆ ಪೇಟೆಯ ಕೋಳಿ ಏಕೆಂದು ಕೇಳಿದ್ದಕ್ಕೆ ಒಬ್ಬ ತಾಯಿ, "ಅವರಿಗೆ ಬಿಲ್ ಬೇಕಂತರಿ ಸರ, ಕೋಳಿ ಕೊಡತೇವಿ, ಬಿಲ್ ಎಲ್ಲಿಂದ ತರೂಣ್ರಿ?" ಎಂದರು.

ಪ್ರವಾಸಿಗರು ಕಾಲಿಡದ ನೆರೆಯ ಊರನ್ನೂ ಹೋಲಿಕೆಗೆ ತೆಗೆದುಕೊಂಡಿದ್ದೆ. ಗೋವಾಕ್ಕೆ ದುಡಿಯಲು ಹೋದವರು ಕಳಿಸಿದ ಹಣದಿಂದ ಎರಡೂ ಕಡೆ ಹೊಸ ಮನೆಗಳು ಎದ್ದಿದ್ದವು. ಈ ಹೋಲಿಕೆ ಇಲ್ಲದಿದ್ದರೆ ಅವನ್ನೆಲ್ಲ ಪ್ರವಾಸೋದ್ಯಮದ ಖಾತೆಗೇ ಬರೆದುಬಿಡುವ ಅಪಾಯವಿತ್ತು. ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಬೇರೆ: ಕಾಡುಕೋಣ, ಹಂದಿಗಳು ಭತ್ತ ಹಾಳುಮಾಡಿದ ಮನೆಗಳ ಪಟ್ಟಿಯನ್ನೂ ಪ್ರವಾಸಿಗರಿಂದ ಕೂಲಿ ಪಡೆದ ಮನೆಗಳ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟಾಗ, ಎರಡರಲ್ಲೂ ಬಂದ ಹೆಸರುಗಳು ತೀರ ಕಡಿಮೆ. ಕಾಡಿನ ನಷ್ಟ ಒಬ್ಬರಿಗೆ, ಗಳಿಕೆ ಮತ್ತೊಬ್ಬರಿಗೆ ಎಂದಾದರೆ ಊರಿನ ಸರಾಸರಿ ಆದಾಯ ಏರಿದರೂ ಕಾಡಿನ ಬಗ್ಗೆ ಜನರ ಸಿಟ್ಟು ಇಳಿಯುವುದಿಲ್ಲ.

ನೇಪಾಳದ ಕಾನೂನು ರಾಷ್ಟ್ರೀಯ ಉದ್ಯಾನಗಳ ಆದಾಯದ ಶೇ. 30ರಿಂದ 50ರಷ್ಟನ್ನು ಅಂಚಿನ ಸಮುದಾಯಗಳಿಗೆ ಕೊಡಲು ಅವಕಾಶ ಮಾಡಿದೆ. ರುವಾಂಡಾ ಇಂಥದೇ ಪಾಲನ್ನು 2005ರಲ್ಲಿ ಶೇ. 5ರಿಂದ ಆರಂಭಿಸಿ 2017ರಲ್ಲಿ ಶೇ. 10ಕ್ಕೆ ಏರಿಸಿತು. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ: ಬೆಳೆ ಕಳೆದುಕೊಂಡ ಮನೆಗೆ ಅದರಲ್ಲಿ ಎಷ್ಟು ತಲುಪಿತು?

ಸಂರಕ್ಷಣೆಯನ್ನು ಬೇರೆಯಾಗಿಯೇ ಅಳೆದೆ. ಅತಿಥಿಗಳ ಸ್ನಾನಕ್ಕೆ ಉರಿಯುತ್ತಿದ್ದ ಬಚ್ಚಲೊಲೆಯ ಕಟ್ಟಿಗೆಯನ್ನು ತೂಗಿಸಿದಾಗ, ಅದು ಊರಿನ ಒಂದು ಮನೆಯ ಬಳಕೆಯನ್ನು ಸುಲಭವಾಗಿ ಮೀರಿಸುತ್ತಿತ್ತು. ಇನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, ಇದೇ ತಾಲ್ಲೂಕಿನ ಭೀಮಗಡದ ಬಾರಾಪೇಡೆ ಗುಹೆಯಲ್ಲಿ ಅಪರೂಪದ ರೌಟನ್ ಬಾವಲಿ ನೆಲೆಸಿದೆ. ಟಾರ್ಚ್ ಹಿಡಿದ ಜನ ಒಳಗೆ ಹೋಗದಿರುವುದೇ ಅದಕ್ಕೆ ರಕ್ಷಣೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೋಳಿ, ಮೊಟ್ಟೆ, ಅಕ್ಕಿಯನ್ನು ಊರಿನ ಸ್ವಸಹಾಯ ಸಂಘದ ರಸೀದಿಯ ಮೇಲೆ ಖರೀದಿಸಬೇಕು, ಬಚ್ಚಲಿಗೆ ಸೌರ ಹೀಟರ್ ಹಾಕಬೇಕು, ಕೂಲಿ ಕೊಡುವಾಗ ಬೆಳೆ ನಷ್ಟವಾದ ಮನೆಗಳಿಗೆ ಮೊದಲ ಅವಕಾಶ ಇರಬೇಕು ಎಂದು ವರದಿಯಲ್ಲಿ ಬರೆದೆ. ರಸೀದಿಯ ಸಲಹೆಗೆ ವಸತಿಗೃಹದವರು ಒಪ್ಪಿದ್ದಾರೆ. ಕೂಲಿಯ ವಿಚಾರ ಗ್ರಾಮಸಭೆಯ ಮುಂದಿದೆ.