ಅಡಿಕೆ ಅಂಗಳದಲ್ಲಿ ನಡಿಗೆ ಓದಿದ್ದು

ನನ್ನ ಕ್ಲಿನಿಕ್ಕಿಗೆ ಬರುವವರು ಮೊದಲು ಕೇಳೋದು ಒಂದೇ. "ಡಾಕ್ಟ್ರೇ, ಇವತ್ತು ಕರೆಂಟ್ ಕೊಡಲ್ವಾ?" ನಮ್ಮ ಸಾಗರ ಪೇಟೆಯ ಸುತ್ತಮುತ್ತ ಫಿಸಿಯೋಥೆರಪಿಸ್ಟ್ ಅಂದರೆ ಯಂತ್ರ ಹಚ್ಚಿ ಮೈಗೆ ಸಣ್ಣಗೆ ಕರೆಂಟ್ ಕೊಡುವವನು. ಅಂಥ ಕಡೆ ನಾನು ನಡಿಗೆ ಎಲ್ಲಿ ಕೆಟ್ಟಿದೆ ಅಂತ ನೋಡಲು ರೋಗಿಯ ಕಾಲಿಗೆ ಗುರುತಿನ ಸ್ಟಿಕ್ಕರ್ ಅಂಟಿಸಿ, ಅಂಗಳದಲ್ಲಿ ಆಚೆಯಿಂದ ಈಚೆಗೆ ನಡೆಸಿ, ಮೊಬೈಲಿನಲ್ಲಿ ವಿಡಿಯೋ ತೆಗೆಯೋಕೆ ಶುರು ಮಾಡಿದೆ. ಜೊತೆಗೆ ಓದಿದವನೊಬ್ಬ ಫೋನ್ ಮಾಡಿ, "ಏನೋ, ಮದುವೆ ವಿಡಿಯೋ ಆರ್ಡರೂ ತಗೋತೀಯಂತೆ?" ಅಂದ. ನನಗೆ ಕೆಲಸ ಕಲಿಸಿದ ಸೀನಿಯರ್ ಒಬ್ಬರು, ನಡಿಗೆ ಅಳೆಯುವ ಗೇಟ್ ಅನಾಲಿಸಿಸ್‌ಗೆ ಲ್ಯಾಬ್ ಬೇಕು, ಪಾದ ನೆಲಕ್ಕೆ ಒತ್ತುವ ಬಲ ಅಳೆಯುವ ಫೋರ್ಸ್ ಪ್ಲೇಟ್ ಬೇಕು, ನೀನು ಮಾಡ್ತಿರೋದು ಮಕ್ಕಳಾಟ ಅಂದರು. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಬರೆಯುವ ಹಾಗಾಗಿದೆ.

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಅದೇ ಜಾಸ್ತಿ ನೋಯಿಸಿದ್ದು. ಶುರುವಿನಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿದರೆ ಕ್ಯಾಮೆರಾ ಒಂದೇ ಕಡೆ ಇಡಬಹುದು ಅಂತ ಸೆಕೆಂಡ್ ಹ್ಯಾಂಡ್ ಟ್ರೆಡ್‌ಮಿಲ್ ತಂದೆ. ಸುಮಾರು 85 ಸಾವಿರ, ಅರ್ಧ ಸಾಲ. ಸ್ಟ್ರೋಕ್ ಆದ ಅರವತ್ತು ದಾಟಿದವರನ್ನು ಅದರ ಮೇಲೆ ಹತ್ತಿಸಿ ನೋಡಿ! ಎರಡು ಕೈಯಲ್ಲೂ ಕಂಬಿ ಹಿಡಿದು ದೇವರ ಹೆಸರು ಹೇಳುತ್ತಾರೆ. ಅದು ಅವರ ನಡಿಗೆಯೇ ಅಲ್ಲ. ಆಮೇಲೆ ಕಂಪನಿಯವನೊಬ್ಬ ಬಂದು ಪಾದದ ಒತ್ತಡ ಅಳೆಯುವ ಪ್ರೆಷರ್ ಮ್ಯಾಟ್‌ಗೆ ಆರೇಳು ಲಕ್ಷ ಹೇಳಿದ. ಚಹಾ ಕುಡಿಸಿ ಕಳಿಸಿದೆ.

ಈಗಿನ ನನ್ನ ಲ್ಯಾಬ್ ಇಷ್ಟೇ. 240 ಫ್ರೇಮ್ ಸ್ಲೋ ಮೋಷನ್ ಬರುವ ಹಳೇ ಫೋನು, 11 ಸಾವಿರ. ಸ್ಟ್ಯಾಂಡು 900. ಆಟೋ ಅಂಗಡಿಯ ರೇಡಿಯಂ ಸ್ಟಿಕ್ಕರ್ 60 ರೂಪಾಯಿ. ವಿಡಿಯೋದಲ್ಲಿ ಕೋನ ಅಳೆಯುವ ಕಿನೋವಿಯಾ ಸಾಫ್ಟ್‌ವೇರ್ ಪುಕ್ಕಟೆ. ಜಾಗ ಅಂದರೆ ಕ್ಲಿನಿಕ್ಕಿನ ಹಿಂದಿರುವ ಮನೆ ಮಾಲೀಕರ ಅಡಿಕೆ ಅಂಗಳ. ಸಮತಟ್ಟಾದ ನೆಲ, ಒಳ್ಳೆ ಬೆಳಕು, 14 ಮೀಟರ್ ಉದ್ದ ಆರಾಮಾಗಿ ಸಿಗುತ್ತದೆ. ನಡುವಿನ 10 ಮೀಟರ್‌ಗೆ ಮಾತ್ರ ಟೈಮ್ ಹಿಡಿಯುತ್ತೇನೆ. ಅಡಿಕೆ ಒಣಗಿಸುವ ದಿನಗಳಲ್ಲಿ ಮಾಲೀಕರ ಹತ್ತಿರ ಬೈಸಿಕೊಳ್ಳುತ್ತೇನೆ, ಅದು ಬಾಡಿಗೆ ಲೆಕ್ಕ.

ಸ್ಟಿಕ್ಕರಿಗೆ ಮೊದಲು ಹೊಳೆದದ್ದು ಹಣೆಗೆ ಇಡುವ ಬಿಂದಿ. ಫ್ಯಾನ್ಸಿ ಸ್ಟೋರಿನಲ್ಲಿ ದೊಡ್ಡ ಬಿಂದಿ ಆರು ಪ್ಯಾಕೆಟ್ ಕೇಳಿದಾಗ ಅಂಗಡಿಯವಳು ನಕ್ಕಿದ್ದು ಇನ್ನೂ ನೆನಪಿದೆ. ಬೆವರಿಗೆ ನಾಲ್ಕು ಹೆಜ್ಜೆಗೇ ಉದುರಿದವು. ಮೆರೂನ್ ಬಣ್ಣ ವಿಡಿಯೋದಲ್ಲಿ ಕಾಣಲೂ ಇಲ್ಲ. ರೇಡಿಯಂ ಸ್ಟಿಕ್ಕರ್ ಚೆನ್ನಾಗಿ ಕಾಣುತ್ತದೆ, ಬೀಳೋದೂ ಇಲ್ಲ. ಸೀರೆ ಇನ್ನೊಂದು ತಲೆನೋವು. ಸೀರೆಯೊಳಗೆ ಮಂಡಿ ಏನು ಮಾಡುತ್ತಿದೆ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಅಳತೆಗೆ ನಾಲ್ಕು ಲೆಗಿಂಗ್ಸ್ ತಂದಿಟ್ಟಿದ್ದೇನೆ. ಗಂಡಸರು ಪಂಚೆ ಎತ್ತಿ ಕಟ್ಟಿದರೆ ಸಾಕು.

ಕ್ಯಾಮೆರಾದಲ್ಲಿ ಮಾಡಿದ ತಪ್ಪುಗಳು ಒಂದೆರಡಲ್ಲ. ಮೊದಲು ಸಾಮಾನ್ಯ ವಿಡಿಯೋ, ಸೆಕೆಂಡಿಗೆ 30 ಫ್ರೇಮ್. ನಡಿಗೆಯ ಒಂದು ಸೈಕಲ್, ಅಂದರೆ ಒಂದು ಹಿಮ್ಮಡಿ ಊರಿದ್ದು ಮತ್ತೆ ಅದೇ ಊರುವವರೆಗೆ, ಮುಗಿಯೋದೇ ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ. ಊರಿದ ಕಾಲಿನ ಮೇಲೆ ಮೈಭಾರ ಬೀಳುವ ಲೋಡಿಂಗ್ ರೆಸ್ಪಾನ್ಸ್ ಅದರಲ್ಲಿ ಹತ್ತು ಹನ್ನೆರಡು ಪರ್ಸೆಂಟ್. ಅಂದರೆ ಮೂರು ಫ್ರೇಮ್ ಬಂದರೆ ಹೆಚ್ಚು. ಅದರಲ್ಲಿ ಏನು ನೋಡ್ತೀರಿ? 240ಕ್ಕೆ ಹೋದೆ. ಕ್ಲಿನಿಕ್ಕಿನೊಳಗೆ ತೆಗೆದರೆ ಇಡೀ ವಿಡಿಯೋ ಮಿಣುಕು ಮಿಣುಕು. ಫೋನ್ ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳವಾಡಿ ಬಂದೆ. ಆಮೇಲೆ ಗೊತ್ತಾಯಿತು, ನಮ್ಮ 50 ಹರ್ಟ್ಸ್ ಕರೆಂಟಿಗೆ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಕಣ್ಣಿಗೆ ಕಾಣದ್ದು ಸ್ಲೋ ಮೋಷನ್‌ಗೆ ಕಾಣುತ್ತದೆ ಅಂತ. ಅಂಗಳಕ್ಕೆ ಇಳಿದದ್ದೇ ಆ ಕಾರಣಕ್ಕೆ.

ಇನ್ನೊಂದು ತಪ್ಪಿಗೆ ದುಡ್ಡು ಕೊಟ್ಟೆ. ಫೋನ್ ಕೈಯಲ್ಲಿ ಹಿಡಿದು ರೋಗಿಯ ಪಕ್ಕದಲ್ಲೇ ನಡೆಯುತ್ತಾ ತೆಗೆಯುತ್ತಿದ್ದೆ. ಓರೆಯಾಗಿ ತೆಗೆದ ವಿಡಿಯೋದಲ್ಲಿ ಒಬ್ಬರ ಮಂಡಿ ಹಿಂದಕ್ಕೆ ಬಾಗಿದಂತೆ ಕಂಡಿತು. ಮಂಡಿಗೆ ಆಸರೆಯ ಬ್ರೇಸ್ ಕೊಡಿಸಿದೆ, ಸುಮಾರು ಎರಡೂವರೆ ಸಾವಿರದ್ದು. ಸರಿಯಾಗಿ ಅಡ್ಡಕ್ಕೆ ನಿಂತು ತೆಗೆದರೆ ಮಂಡಿಗೆ ಏನೂ ಆಗಿಲ್ಲ! ದುಡ್ಡು ವಾಪಸ್ ಕೊಟ್ಟೆ. ಈಗ ನಾಲ್ಕು ಮೀಟರ್ ದೂರ, ನೇರ ಅಡ್ಡಕ್ಕೆ, ಮಂಡಿಗಿಂತ ಮೇಲೆ ಸೊಂಟಕ್ಕಿಂತ ಕೆಳಗೆ ಸ್ಟ್ಯಾಂಡು. ಅಳತೆ ತೆಗೆಯೋದು ಕ್ಯಾಮೆರಾ ಎದುರಿನ ಒಂದೆರಡು ಹೆಜ್ಜೆಯದ್ದು ಮಾತ್ರ.

ಇಷ್ಟೆಲ್ಲ ಸಾರ್ಥಕ ಆದದ್ದು ಮೇಷ್ಟ್ರ ಕೇಸಿನಲ್ಲಿ. ರಿಟೈರ್ಡ್ ಪ್ರೈಮರಿ ಸ್ಕೂಲ್ ಮೇಷ್ಟ್ರು, ಸ್ಟ್ರೋಕ್ ಆಗಿ 14 ತಿಂಗಳಾಗಿತ್ತು. ಎಡಗಾಲನ್ನು ಕುಡುಗೋಲು ಬೀಸಿದ ಹಾಗೆ ಹೊರಗಡೆಯಿಂದ ಸುತ್ತಿಸಿ ತರುತ್ತಿದ್ದರು. ಮೂರು ತಿಂಗಳು ನಾನೂ ಎಲ್ಲರೂ ಮಾಡೋದನ್ನೇ ಮಾಡಿದೆ. ಕಾಲು ಎತ್ತಿಸೋದು, ಪಾದ ಎತ್ತಿಸೋದು, ಕರೆಂಟು. 10 ಮೀಟರಿಗೆ 28 ಸೆಕೆಂಡ್ ಇದ್ದದ್ದು 27 ಆಯಿತು. ಸುತ್ತು ಮಾತ್ರ ಇನ್ನೂ ದೊಡ್ಡದಾಯಿತು. ಕಾಲು ಎತ್ತಿ ಎತ್ತಿ ಅಂತ ಹೇಳಿದರೆ ಅವರು ಸೊಂಟ ಎತ್ತುತ್ತಿದ್ದರು, ಪಾಪ.

ಒಂದು ಭಾನುವಾರ ವಿಡಿಯೋವನ್ನು ಒಂದೊಂದೇ ಫ್ರೇಮ್ ಹಿಂದಕ್ಕೆ ಸರಿಸುತ್ತಾ ಕೂತೆ. ಅಷ್ಟು ದಿನ ನಾನು ನೋಡುತ್ತಿದ್ದದ್ದು ಸ್ವಿಂಗ್, ಅಂದರೆ ಕಾಲು ನೆಲ ಬಿಟ್ಟು ಮುಂದಕ್ಕೆ ಬರುವ ಹೊತ್ತು. ಅದಕ್ಕೂ ಮೊದಲೇ ಕೆಲಸ ಕೆಟ್ಟಿತ್ತು. ಬೆರಳು ನೆಲ ಬಿಡುವ ಹೊತ್ತಿಗೆ ಮಂಡಿ 40 ಡಿಗ್ರಿ ಹತ್ತಿರ ಮಡಚಿರಬೇಕಲ್ವಾ? ಮೇಷ್ಟ್ರದ್ದು ಹನ್ನೆರಡೋ ಹದಿಮೂರೋ. ಕಾಲು ಹಿಂದಕ್ಕೆ ಹೋಗುತ್ತಲೇ ಇರಲಿಲ್ಲ. ಮೀನಖಂಡ ಬಿಗಿ. ಹಾಗಾಗಿ ಮೊಣಕಾಲ ಕೆಳಗಿನ ಭಾಗ ಪಾದದ ಮೇಲೆ ಮುಂದಕ್ಕೆ ಉರುಳದೆ ಅಲ್ಲೇ ನಿಲ್ಲುತ್ತಿತ್ತು. ತೊಡೆ ಹಿಂದಕ್ಕೆ ಚಾಚುವ ಹಿಪ್ ಎಕ್ಸ್‌ಟೆನ್ಷನ್ ಇಲ್ಲ, ಪಾದದಿಂದ ನೆಲ ತಳ್ಳುವ ಪುಶ್ ಆಫ್ ಇಲ್ಲ. ಜೋಕಾಲಿಯನ್ನು ಹಿಂದಕ್ಕೆ ಎಳೆಯದೆ ಮುಂದಕ್ಕೆ ಹೋಗು ಅಂದರೆ ಎಲ್ಲಿಂದ ಹೋಗಬೇಕು? ಮೇಷ್ಟ್ರಿಗೆ ಇದನ್ನೇ ಹೇಳಿದೆ. "ಅಂದರೆ ಇಷ್ಟು ದಿನ ನೀವು ಪಾಠ ಹೇಳಿದ್ದು ತಪ್ಪು ಕ್ಲಾಸಿಗೆ" ಅಂದರು. ಹೌದು ಸಾರ್ ಅಂದೆ.

ಸ್ವಿಂಗ್ ವ್ಯಾಯಾಮ ಪೂರ್ತಿ ನಿಲ್ಲಿಸಿದೆ. ಬಡಗಿಯ ಹತ್ತಿರ ಹಲಸಿನ ಹಲಗೆಯಲ್ಲಿ ಇಳಿಜಾರು ಮಣೆ ಮಾಡಿಸಿದೆ, 350 ರೂಪಾಯಿ. ಅದರ ಮೇಲೆ ನಿಲ್ಲಿಸಿ ಮೀನಖಂಡ ಎಳೆಯೋದು. ಆಮೇಲೆ ಎಡಗಾಲು ಹಿಂದೆ ಇಟ್ಟು ಭಾರ ಮುಂದಕ್ಕೆ ತರೋದು, ಹಿಮ್ಮಡಿ ಎತ್ತಿ ಮಂಡಿ ಸಡಿಲ ಬಿಡೋದು. ಆಮೇಲೆ ಜಗಲಿ ಕಟ್ಟೆ ಹಿಡಿದು ಹಿಂದು ಹಿಂದಕ್ಕೆ ನಡಿಗೆ. ಈ ಹೊತ್ತಿಗೆ ನನ್ನ ಎರಡು ಕೈ ಎಲ್ಲಿರುತ್ತವೆ, ಯಾವಾಗ ಬಿಡುತ್ತೇನೆ ಅನ್ನೋದನ್ನು ಬರೆಯಲ್ಲ. ಅದಕ್ಕೇ ನನಗೆ ಎರಡು ವರ್ಷ ಹಿಡಿದಿದೆ. ಬಂದವರಿಗೆ ತೋರಿಸುತ್ತೇನೆ.

ಮೊದಲ ಮೂರು ವಾರ ಏನೂ ಇಲ್ಲ. ಮೇಷ್ಟ್ರ ಮನೆಯವರು "ಆ ಕಡೆ ಆಸ್ಪತ್ರೆಯಲ್ಲಿ ದಿನಾ ಅರ್ಧ ಗಂಟೆ ಕರೆಂಟ್ ಕೊಡ್ತಾರಂತೆ" ಅಂತ ನನಗೆ ಕೇಳುವ ಹಾಗೆ ಹೇಳಿದರು. ಹತ್ತನೇ ವಾರಕ್ಕೆ 16 ಸೆಕೆಂಡ್. ಅಂದರೆ ಸೆಕೆಂಡಿಗೆ 0.36 ಮೀಟರ್ ಇದ್ದದ್ದು 0.6 ದಾಟಿತು. ಅಮೆರಿಕದ ಡಾಕ್ಟರ್ ಜಾಕ್ವೆಲಿನ್ ಪೆರ್ರಿ ಅವರ ತಂಡ ಸ್ಟ್ರೋಕ್ ಆದವರ ನಡಿಗೆಯ ವೇಗಕ್ಕೆ 1995ರಲ್ಲಿ ಒಂದು ಗೆರೆ ಹಾಕಿತ್ತು. 0.4ರ ಕೆಳಗೆ ಮನೆಯೊಳಗಿನ ನಡಿಗೆ, 0.8ರವರೆಗೆ ಹೊರಗೆ ಅಷ್ಟಿಷ್ಟು. ಮೇಷ್ಟ್ರಿಗೆ ಆ ನಂಬರ್ ಬೇಕಿರಲಿಲ್ಲ. ಒಬ್ಬರೇ ಕೋಲು ಹಿಡಿದು ಚಹಾದಂಗಡಿಗೆ ಹೋಗಿ ಪೇಪರ್ ಓದಿ ಬಂದರು. ವಿಡಿಯೋ ಸೀನಿಯರ್‌ಗೆ ಕಳಿಸಿದೆ. ಹೆಬ್ಬೆರಳಿನ ಚಿತ್ರ ಒಂದು ಬಂತು, ಅಷ್ಟೇ.

ಉಬ್ಬಿಹೋಗಿ ಮುಂದಿನ ಸ್ಟ್ರೋಕ್ ಕೇಸಿಗೂ ಇದನ್ನೇ ಮಾಡಿದೆ. ಆರು ವಾರ, ಸೊನ್ನೆ. ಆ ಹೆಂಗಸನ್ನು ಬೋರಲು ಮಲಗಿಸಿ ಮಂಡಿ ಮಡಚಿದರೆ ಸೊಂಟ ಮೇಲೇಳುತ್ತಿತ್ತು. ತೊಡೆಯ ಮುಂಭಾಗದ ಸ್ನಾಯು ರೆಕ್ಟಸ್ ಫೆಮೊರಿಸ್ ಕಲ್ಲಿನ ಹಾಗೆ ಬಿಗಿ. ಎರಡು ನಿಮಿಷದ ಟೆಸ್ಟ್, ವಿಡಿಯೋದ ಹುಚ್ಚಿನಲ್ಲಿ ಮಾಡಲೇ ಇಲ್ಲ. ಸ್ನಾಯು ಸಡಿಲಿಸುವ ಇಂಜೆಕ್ಷನ್ನಿಗೆ ಕಳಿಸಿದ ಮೇಲೆ ಸ್ವಲ್ಪ ಗುಣ ಕಂಡಿತು. ಆ ಆರು ವಾರದ ಫೀಸ್ ನಾನು ತಗೊಳ್ಳಲಿಲ್ಲ.

ನಡುವೆ ಬೇರೆ ಹುಚ್ಚಾಟವೂ ನಡೆದಿದೆ. ಪಾರ್ಕಿನ್ಸನ್ ಇರುವ ಅಜ್ಜ ಒಬ್ಬರು. ಬೆಂಗಳೂರಿನ ಮಗನ ಫ್ಲ್ಯಾಟಿನಲ್ಲಿ ಪ್ರತಿ ಬಾಗಿಲಲ್ಲೂ ಕಾಲು ಅಂಟಿಕೊಂಡು ನಿಲ್ಲುತ್ತಿದ್ದರಂತೆ. ಇಲ್ಲಿನ ಹಳೇ ಮನೆಯಲ್ಲಿ ಮೊಣಕಾಲ ಹತ್ತಿರ ಬರುವ ಹೊಸಿಲನ್ನು ಸಲೀಸಾಗಿ ದಾಟುತ್ತಾರೆ! ದಾಟಲು ಕಣ್ಣಿಗೆ ಏನಾದರೂ ಕಂಡರೆ ಕಾಲು ಏಳುತ್ತದೆ. ಮಗನಿಗೆ ಬಾಗಿಲಿಗೆಲ್ಲ ಅಡ್ಡ ಬಣ್ಣದ ಟೇಪ್ ಹಾಕಿಸಲು ಹೇಳಿದೆ, ಕೆಲಸ ಮಾಡಿತು. ಅದೇ ಅಜ್ಜನಿಗೆ ಹೆಜ್ಜೆಗೆ ತಾಳ ಕೊಡುವ ಮೆಟ್ರೊನೋಮ್ ಬದಲು ಯಕ್ಷಗಾನದ ಮದ್ದಳೆ ರೆಕಾರ್ಡಿಂಗ್ ಹಾಕಿದೆ. ಹಳೇ ಯಕ್ಷಗಾನದ ಹುಚ್ಚು. ಎರಡನೇ ಸಾಲಿಗೇ ಹೆಜ್ಜೆ ಹಾಕಿ ಸುತ್ತು ಹೊಡೆಯಲು ಹೋದರು, ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದರು. ಈಗ ಬರೀ ಟಕ್ ಟಕ್ ಶಬ್ದ, ಅವರ ಹೆಜ್ಜೆಯ ವೇಗಕ್ಕಿಂತ ಚೂರು ಜಾಸ್ತಿ ಇಟ್ಟು.

ಅಡಿಕೆ ಸುಲಿಯುವ ಕಾಲದಲ್ಲಿ ಫುಟ್ ಡ್ರಾಪ್, ಅಂದರೆ ಪಾದ ಮೇಲೆತ್ತಲಾಗದೆ ಜೋತುಬೀಳೋದು, ಬಂದರೆ ನಾನು ಬೆನ್ನಿನ ಎಂಆರ್‌ಐ ಕೇಳುವ ಮೊದಲು ಹೇಗೆ ಕೂತಿದ್ದಿರಿ ಅಂತ ಕೇಳುತ್ತೇನೆ. ರಾತ್ರಿಯೆಲ್ಲ ಮಂಡಿ ಮಡಚಿ ಮೆಟ್ಟುಗತ್ತಿಯ ಮುಂದೆ ಕೂತರೆ ಮಂಡಿಯ ಹೊರಬದಿಯಲ್ಲಿ ಫಿಬ್ಯುಲಾ ಮೂಳೆಯ ಕತ್ತಿನ ಹತ್ತಿರ ನರ ಒತ್ತಿಹೋಗಬಹುದು. ಒಬ್ಬಾಕೆಯ ಅಂಗಾಲಿಗೆ ರಂಗೋಲಿ ಪುಡಿ ಹಚ್ಚಿ ಕೆಮ್ಮಣ್ಣಿನ ಬಣ್ಣದ ಜಗಲಿಯಲ್ಲಿ ನಡೆಸಿದೆ. ಬಲ ಪಾದ ಪೂರ್ತಿ ಮೂಡಿತು, ಎಡಗಡೆ ಬೆರಳಿನ ಕಡೆಯದ್ದು ಮಾತ್ರ. ಅಷ್ಟು ಸ್ಪಷ್ಟವಾಗಿ ಯಾವ ವಿಡಿಯೋವೂ ಹೇಳಿರಲಿಲ್ಲ. ಪಾದ ಜೋತುಬೀಳದ ಹಾಗೆ ಹಿಡಿಯುವ ಎಎಫ್‌ಒ ಪಟ್ಟಿ ಹಾಕಿಸಿ, ಎತ್ತರದ ಸ್ಟೂಲಿನ ಮೇಲೆ ಕೂರಿಸಿದೆ. ಎರಡು ತಿಂಗಳ ಹೊತ್ತಿಗೆ ಹಿಮ್ಮಡಿ ಗುರುತೂ ಮೂಡಿತು.

ಈಗ ತೊಂದರೆ ಮಳೆಗಾಲದ್ದು. ಜೂನ್‌ನಿಂದ ಅಂಗಳ ಪಾಚಿ, ರೋಗಿಯಿರಲಿ ನಾನೇ ಜಾರುತ್ತೇನೆ. ಜಗಲಿಗೆ ಬ್ಯಾಟರಿ ಲೈಟ್ ಎರಡು ಹಾಕಿ ನೋಡುತ್ತಿದ್ದೇನೆ, ಮಿಣುಕು ನಿಂತಿದೆ, ಬೆಳಕು ಸಾಲದು. ಇನ್ನೆರಡು ಲೈಟಿಗೆ ದುಡ್ಡು ಬೇಕು. ಟ್ರೆಡ್‌ಮಿಲ್ ಮೇಲೆ ಸದ್ಯ ಬಟ್ಟೆ ಒಣಗುತ್ತಿದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಮೋಟಾರ್ ಚೆನ್ನಾಗಿದೆ.